ಕೆಂಪು ಚುಕ್ಕೆಗಳ ಕಾದಂಬರಿ

ಚಪ್ಪಲಿ ಇವತ್ತೂ ಒದ್ದೆ, ಹಿಮ್ಮಡಿಯ ಕೆಳಗೆ ಪಚಪಚ, ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿ ಕೂತರೂ ಆ ಥಂಡಿ ಬಿಡುತ್ತಿಲ್ಲ, ಈ ಲಕ್ಷ್ಮಮ್ಮನಿಗೆ ಏನಾಗಿದೆಯೋ, ಬೆಳಿಗ್ಗೆ ಆರಕ್ಕೆ ಬಂದು ಮಹಡಿ ಒರೆಸುವಾಗ ಬಕೆಟ್ಟನ್ನೇ ಬಗ್ಗಿಸುತ್ತಾಳೇನೋ, ಸೋಮವಾರದಿಂದ ಹೀಗೇ, ಅಕ್ಕಾ, ಬಾಗ್ಲಾಚೆ ಬಿಟ್ರೆ ನೆನೀದೆ ಇರ್ತದಾ ಅಂತ ತನಗೇ ಬುದ್ಧಿ ಬೇರೆ ಹೇಳುತ್ತಾಳೆ, ಶೈಲಜಾ ಕಾಲ್ಬೆರಳು ಮುದುರಿಕೊಂಡು ಬ್ಯಾಗಿನಿಂದ ಕಾದಂಬರಿ ತೆಗೆದಳು, ರಬ್ಬರನ್ನೂ ತೆಗೆದಳು, ಇವತ್ತು ಲೈಬ್ರರಿಗೆ ವಾಪಸು ಕೊಡಬೇಕು, ಅಷ್ಟರೊಳಗೆ ಗಂಡ ಮಲ್ಲಿಕ್ ಇಟ್ಟ ಚುಕ್ಕೆಗಳನ್ನೆಲ್ಲ ಅಳಿಸಬೇಕು — ಪುಟಕ್ಕೊಂದು ಕೆಂಪು ಚುಕ್ಕೆ, ಉಜ್ಜಿದರೆ ಹೋಗುವುದಿಲ್ಲ, ತರಚಿದ ಗಾಯದ ಹಾಗೆ ಹರಡುತ್ತದೆ. ಜಿಗಣಿಯ ಫ್ಯಾಕ್ಟರಿಯಲ್ಲಿ ಅವನ ಕೆಲಸವೇ ಅದು, ತಯಾರಾಗಿ ಬಂದ ಬಿಡಿಭಾಗವನ್ನು ಅಳೆಯುವುದು, ಸರಿಯಿದ್ದರೆ ಹಸಿರು ಚುಕ್ಕೆ, ಕೂದಲೆಳೆಯಷ್ಟು ತಪ್ಪಿದರೂ ಕೆಂಪು, ಕೆಂಪು ಬಿದ್ದದ್ದು ಗುಜರಿಗೆ, ನಿನಗ ಏನ್ ಬೇಕು ಅನ್ನೋದ ಒಮ್ಮೆ ಬಾಯಿಬಿಟ್ಟು ಹೇಳಿಬಿಡು ಶೈಲಾ, ಎಂದು ಅವನು ಕೇಳಿದ್ದಕ್ಕೆ ಬಾಯಿ ಬಿಡದೆ ಈ ಪುಸ್ತಕವನ್ನು ಅವನ ಕೈಗಿಟ್ಟಳಲ್ಲ, ಇದನ್ನ ಓದ್ರಿ, ತಿಳೀತದ ಅಂದಳಲ್ಲ, ಪಾಪ, ಏಳು ಸಂಜೆ ಕೂತು ಓದಿದ, ಪರೀಕ್ಷೆಗೆ ಕೂತವನ ಹಾಗೆ, ಕಿವಿಯ ಮೇಲೆ ಫ್ಯಾಕ್ಟರಿಯ ಕೆಂಪು-ಹಸಿರು ಪೆನ್ಸಿಲ್ಲು ಸಿಕ್ಕಿಸಿಕೊಂಡು.

ನಾಯಕ ಮಳೆಯಲ್ಲಿ ನೆನೆಯುತ್ತ ಅವಳ ಹೆಸರು ಕೂಗಿದಲ್ಲಿ ಕೆಂಪು, ನಿನ್ನ ಹೊರತು ನನಗೆ ಉಸಿರಿಲ್ಲ ಎಂದಲ್ಲಿ ಕೆಂಪು, ನಿನ್ನ ಹೀರೋಗಳೆಲ್ಲ ಆರಡಿ ಮೇಲೇನೇ ಕಣೇ, ನಮ್ಮನೇವ್ರಿಗೆ ಟ್ಯೂಬ್‌ಲೈಟ್ ಬದಲಾಯ್ಸೋಕೂ ಸ್ಟೂಲ್ ಬೇಕು, ಎಂದು ಆಫೀಸಿನ ಸುಕೃತಿ ನಗುತ್ತಾಳೆ, ಸುಕೃತಿಗೆ ನಗಲು ಬರುತ್ತದೆ, ತನಗೆ ಕಾಯಲು ಮಾತ್ರ ಬರುತ್ತದೆ, ಅಜ್ಜಿ ಶೇಖವ್ವ ಆಯಿಯ ಮಗ್ಗುಲಲ್ಲಿ ಕತೆ ಕೇಳುತ್ತ ಕಲಿತದ್ದು, ಏಳು ಸಮುದ್ರ ದಾಟಿ ಬಂದ ರಾಜಕುಮಾರ ಮದುವೆಯಾದ, ಆಮ್ಯಾಲ ಆಯಿ? ಆಮ್ಯಾಲೇನ, ಸುಖದಾಗ ಇದ್ರು, ಮಕ್ಕೋ ಇನ್ನ — ಆ ಸುಖದಲ್ಲಿ ಬೆಳಗಾಗುತ್ತಿತ್ತೇ, ಹಾಲು ಉಕ್ಕುತ್ತಿತ್ತೇ, ರಾಜಕುಮಾರ ಯಾವ ಬಸ್ಸಿಗೆ ಹೋಗುತ್ತಿದ್ದ, ಆಯಿ ಹೇಳಲಿಲ್ಲ, ಕಾದಂಬರಿಗಳೂ ಹೇಳಲಿಲ್ಲ, ಎಲ್ಲವೂ ಅಕ್ಷತೆ ಬಿದ್ದೊಡನೆ ಮುಗಿದವು, ಭಾನುವಾರ ಸಂಜೆ ಮಲ್ಲಿಕ್ ಪುಸ್ತಕ ಮುಚ್ಚಿ, ನಾ ಎಲ್ಲಾದರಾಗೂ ಫೇಲ್ ನೋಡು, ನನಗ ಇದು ಬರಂಗಿಲ್ಲ, ಬಂದಂಗ ನಟಿಸೋದೂ ಬರಂಗಿಲ್ಲ, ತಮ್ಮ ಬಸೂನ ರೂಮಿನ್ಯಾಗ ಇರ್ತೀನಿ ಅಂದ, ಬ್ಯಾಗಿಗೆ ನಾಲ್ಕು ಅಂಗಿ ತುಂಬಿದ, ಅವಳು ತಡೆಯಲಿಲ್ಲ, ಮೆಟ್ಟಿಲಿಂದ ತಿರುಗಿ ನೋಡುತ್ತಾನೆ ಎಂದು ಕಾದಳು, ನಾಯಕರು ತಿರುಗಿ ನೋಡುತ್ತಾರೆ, ಇವನು ಲಿಫ್ಟಿನಲ್ಲಿ ಇಳಿದುಹೋದ.

ಉಜ್ಜು, ತಿರುವು, ಉಜ್ಜು — ನೂರಾ ಹದಿನೇಳನೆಯ ಪುಟದಲ್ಲಿ ಕೈ ನಿಂತಿತು, ಇಲ್ಲಿ ಹಸಿರು, ಕೊನೆಯವರೆಗೂ ತಿರುವಿ ನೋಡಿದಳು, ಇಡೀ ಪುಸ್ತಕಕ್ಕೆ ಒಂದೇ ಒಂದು, ನಾಯಕನ ಪಕ್ಕದಲ್ಲಲ್ಲ, ಹೆಸರೂ ಇಲ್ಲದ ಮುದುಕ ಮಾಲಿಯ ಪಕ್ಕದಲ್ಲಿ, ಅಂಗಳ ತೊಳೆಯುವ ಮುಂಚೆ ಅವನು ನಾಯಕಿಯ ಚಪ್ಪಲಿ ಎತ್ತಿ ಕಟ್ಟೆಯ ಮೇಲಿಟ್ಟ, ಎರಡು ಸಲ ಓದಿಯೂ ಶೈಲಜಾಳ ಕಣ್ಣಿಗೆ ಬೀಳದ ಸಾಲು, ಐದೂವರೆಗೆ ಫ್ಯಾಕ್ಟರಿ ಬಸ್ಸಿಗೆ ಹೊರಡುವ ಮಲ್ಲಿಕ್ ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಅಲ್ಲೇ ಒಂದು ಗಳಿಗೆ ಬಗ್ಗಿ — ಮದುವೆಯಾದ ಎರಡು ವರ್ಷವೂ ಅವಳ ಚಪ್ಪಲಿ ಸ್ಟ್ಯಾಂಡಿನ ಮೇಲಿನ ಹಲಗೆಯಲ್ಲಿರುತ್ತಿತ್ತು, ಜೋಡಿಯಾಗಿ, ಒಣಗಿ, ತಾನೇ ಇಟ್ಟೆನೆಂದುಕೊಂಡಿದ್ದಳೇ, ಇಲ್ಲ, ಏನೂ ಅಂದುಕೊಂಡಿರಲಿಲ್ಲ, ಲಕ್ಷ್ಮಮ್ಮ ಎಂದಿನಷ್ಟೇ ನೀರು ಹಾಕುತ್ತಿದ್ದಾಳೆ, ಮೆಟ್ರೋದ ಬಾಗಿಲು ತೆರೆದು ಯಾವುದೋ ನಿಲ್ದಾಣ ಬಂದಿತು, ಮುಚ್ಚಿ ಹೋಯಿತು, ರಬ್ಬರು ಬೆರಳಲ್ಲೇ ಇದೆ, ಹಿಮ್ಮಡಿಯ ಕೆಳಗೆ ಥಂಡಿ, ಹಸಿರು ಚುಕ್ಕೆ, ಒದ್ದೆ ಚಪ್ಪಲಿ, ಹಸಿರು ಚುಕ್ಕೆ —