ಎಂಟು ಮೀಟರ್ ಹೆಚ್ಚಿನ ಹಿಮ

ನನ್ನ ಗಂಡ ಬ್ರಾಂಡುರ್‌ಗೆ ವಯಸ್ಸಾಯಿತು ಎಂದು ನಾನು ದಿನಕ್ಕೆರಡು ಸಲ ಹೇಳುತ್ತೇನೆ. ಅದು ನನ್ನ ಹಕ್ಕು. ಆದರೆ ಅದೇ ಮಾತನ್ನು ನನ್ನ ಅಣ್ಣನ ಮಗಳು ಸುನ್ನೆವಾ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ನಾವು ವಾತ್ನಯೋಕುಲ್ ಹಿಮರಾಶಿಯ ಮೇಲಿನ ಗುಡಿಸಲಲ್ಲಿದ್ದೆವು. ಒಲೆಯ ಮೇಲೆ ಒದ್ದೆ ಕಾಲುಚೀಲಗಳು ನೇತಾಡುತ್ತಿದ್ದವು. ಪ್ರತಿ ವಸಂತದಲ್ಲೂ ರಾಡಾರ್ ಎಳೆದುಕೊಂಡು ಹಿಮದ ಆಳ ಅಳೆಯಲು ಬರುವವರು ನಾವು. ಈ ಸಲ ತಂಡಕ್ಕೆ ಸುನ್ನೆವಾಳೇ ಮುಂದಾಳು. ಬ್ರಾಂಡುರ್ ಮತ್ತು ನಾನು ಅಳೆಯುತ್ತಾ ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆದಂತೆ ನೇರ ಸಾಗಿದ್ದೆವು, ಅವಳು ಅದಕ್ಕೆ ಅಡ್ಡಲಾಗಿ ಹಲವು ಗೆರೆ ಹೋಗಿದ್ದಳು. ಗೆರೆಗಳು ಕೂಡುವ ಕಡೆ ಇಬ್ಬರ ಲೆಕ್ಕವೂ ಒಂದೇ ಬರಬೇಕು. ಬೆಳಗಿನ ಲೆಕ್ಕ ಹಾಗೇ ಬಂದಿತ್ತು. ಊಟದ ನಂತರದ್ದೆಲ್ಲ ನಮ್ಮದೇ ಎಂಟು ಮೀಟರ್ ಹೆಚ್ಚು.

"ಲೋಕವೆಲ್ಲ ಹಿಮ ಕರಗ್ತಿದೆ ಅಂತ ಅಳ್ತಿದ್ರೆ ನಮ್ ಮಾವ ಎಂಟು ಮೀಟರ್ ಬೆಳೆಸ್ಬಿಟ್ಟಿದಾನೆ," ಎಂದು ಸುನ್ನೆವಾ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಬೇಜಾರ್ ಮಾಡ್ಕೋಬೇಡ ಅತ್ತೆ. ಈ ಗೆರೆ ಸರಿಹೋಗ್ಲಿಲ್ಲ ಅಂದ್ರೆ ಮುಂದಿನ ವರ್ಷ ಬೇರೆಯವ್ರನ್ನ ಕರ್ಕೊಂಡ್ ಬರ್ಬೇಕಾಗತ್ತೆ. ಮಾವಂಗೆ ವಯಸ್ಸಾಯ್ತು, ಸುಸ್ತಾಗ್ತಿದೆ."

"ಸುಸ್ತು ನಿಮ್ಮಪ್ಪಂಗೆ!" ಎಂದೆ. "ಹಿಮದೊಳಗೆ ನೀರು ತುಂಬಿರ್ಬೇಕು ಕಣೆ. ನೀರಲ್ಲಿ ರಾಡಾರ್ ಅಲೆ ನಿಧಾನ ಆಗತ್ತೆ, ತಳದ ಬಂಡೆಗೆ ತಾಗಿ ವಾಪಸ್ ಬರೋದು ತಡ ಆಗತ್ತೆ, ಆಳ ಹೆಚ್ಚು ಕಾಣತ್ತೆ."

"ಅದೇ ನೀರಿನ ಮೇಲೆ ನಾನೂ ಹೋಗಿದೀನಲ್ಲ ಅತ್ತೆ? ನಂದು ಯಾಕೆ ಹೆಚ್ಚಾಗ್ಲಿಲ್ಲ?"

ಸುನ್ನೆವಾ ರಾಡಾರ್ ಪರದೆ ನೋಡಿ, ಬ್ರಾಂಡುರ್ ಕಡೆ ತಿರುಗಿ ಮೆಲ್ಲಗೆ, "ಹಗ್ಗ ಸರಿಯಾಗಿತ್ತಾ ಮಾವ?" ಎಂದು ಕೇಳಿದಳು.

ಹಗ್ಗದ ವಿಷಯ ಇಷ್ಟೇ. ಬ್ರಾಂಡುರ್ ಹಿಮಸ್ಕೂಟರ್ ಓಡಿಸುತ್ತಾನೆ. ಅಲೆ ಬಿಡುವ ಪೆಟ್ಟಿಗೆ ಅವನ ಹಿಂದೆಯೇ ಒಂದು ಜಾರುಬಂಡಿಯಲ್ಲಿ ಇರುತ್ತದೆ. ಅದರಿಂದ ಅರವತ್ತು ಮೀಟರ್ ಹಗ್ಗದ ತುದಿಯಲ್ಲಿ ಇನ್ನೊಂದು ಜಾರುಬಂಡಿ, ಅದರಲ್ಲಿ ಅಲೆ ಹಿಡಿಯುವ ಪೆಟ್ಟಿಗೆ ಮತ್ತು ನಾನು. ಗಾಳಿಯಲ್ಲಿ ನೇರ ಬಂದ ಅಲೆ ತಾಗಿದಾಗ ನನ್ನ ಪೆಟ್ಟಿಗೆ ಗಡಿಯಾರ ಶುರುಮಾಡುತ್ತದೆ. ಆ ಅಲೆ ಎಷ್ಟು ಮುಂಚೆ ಹೊರಟಿತ್ತು ಎಂಬುದನ್ನು ಹಗ್ಗದ ಉದ್ದದಿಂದ ತಿಳಿಯಬೇಕು. ಹಗ್ಗ ಅರ್ಧಕ್ಕೆ ಮೊಟಕಾಗಿ, ಲೆಕ್ಕದಲ್ಲಿ ಮಾತ್ರ ಅರವತ್ತೇ ಉಳಿದರೆ, ಅಲೆ ಹೆಚ್ಚು ಹೊತ್ತು ಓಡಿದಂತೆ ಕಂಡು ಇಲ್ಲದ ಹಿಮ ಹುಟ್ಟಿಕೊಳ್ಳುತ್ತದೆ.

ಬ್ರಾಂಡುರ್ ಒಣಮೀನಿಗೆ ಬೆಣ್ಣೆ ಸವರುತ್ತಿದ್ದ. ಸವರಿದ್ದಕ್ಕೇ ಮತ್ತೆ ಸವರುತ್ತಿದ್ದ.

"ಮಂಜು ಬಂತು," ಎಂದ ಕೊನೆಗೆ. "ಸ್ವಾಲಾ ಕಾಣ್ತಿರ್ಲಿಲ್ಲ. ಊಟಕ್ಕೆ ನಿಂತಾಗ ಹಗ್ಗ ಮಡಚಿ ಕಟ್ಬಿಟ್ಟೆ."

ಸ್ವಾಲಾ ಎಂದರೆ ನಾನೇ. ಹೋದ ವರ್ಷ ಇಂಥದೇ ಮಂಜಿನಲ್ಲಿ, ಬಿರುಕಿನ ಮೇಲಿನ ಹಿಮ ಅವನನ್ನು ದಾಟಿಸಿ ನನ್ನ ಜಾರುಬಂಡಿಗೆ ಕುಸಿದಿತ್ತು. ಹಗ್ಗದಲ್ಲಿ ನೇತಾಡಿದೆ. ಸ್ಕೂಟರ್ ಮುಂದೆ ಹೋಗಲಾರೆ ಎಂದು ಮೊರೆಯತೊಡಗಿದ ಮೇಲೆಯೇ ಅವನಿಗೆ ಗೊತ್ತಾದದ್ದು. "ಕ್ರಿಸ್‌ಮಸ್‌ನಲ್ಲಿ ತಿಂದಿದ್ದು ಹೆಚ್ಚಾಯ್ತೇನೋ, ತೂಕ ಬಂದಿದಾಳೆ ಅನ್ಕೊಂಡೆ," ಎಂದು ಅವನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವನೂ ನಗುತ್ತಿದ್ದಾನೆ ಎಂದೇ ನಾನು ನಂಬಿದ್ದೆ.

"ಎಷ್ಟು ಮಡಚಿದೆ?" ಸುನ್ನೆವಾ ಕೇಳಿದಳು.

"ಅಳೀಲಿಲ್ಲ. ಇವಳ ಟೋಪಿ ಕಾಣೋವಷ್ಟು."

ಮಧ್ಯಾಹ್ನವಿಡೀ ನನಗೂ ಅವನ ಬೆನ್ನು ಕಂಡಿತ್ತು. ಮಂಜು ತೆಳುವಾಯಿತು ಎಂದು ನಾನು ಖುಷಿಪಟ್ಟಿದ್ದೆ!

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಬಿಚ್ಚಿಸ್ತಿದ್ದೆ."

ಬಿಚ್ಚಿಸುತ್ತಿದ್ದೆ, ನಿಜ. ಅವನ ಮೇಲೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಪ್ರೀತಿಯೂ ಬಂತು. ಎರಡನ್ನೂ ಏನು ಮಾಡಬೇಕೆಂದು ತಿಳಿಯದೆ ಅವನ ಕೈಯಿಂದ ಬೆಣ್ಣೆಚಾಕು ಕಿತ್ತು ಮೇಜಿನ ಮೇಲಿಟ್ಟೆ.

ಕಣ್ಣಳತೆಯನ್ನು ಲೆಕ್ಕದಿಂದ ಕಳೆಯಲಾಗುವುದಿಲ್ಲ, ನಾಳೆ ಪೂರ್ತಿ ಹಗ್ಗ ಬಿಟ್ಟು ಅದೇ ಗೆರೆ ಮತ್ತೆ ಹೋಗಬೇಕು ಎಂದಳು ಸುನ್ನೆವಾ. ವಾಕಿಟಾಕಿಯಲ್ಲಿ ಮಾತಾಡುವಂತೆಯೂ ಇಲ್ಲ. ಅದರ ಗದ್ದಲ ಪರದೆ ತುಂಬಾ ಬೀಳುತ್ತದೆ. "ಆಗತ್ತಾ ಮಾವ?"

ಬ್ರಾಂಡುರ್ ತನ್ನ ಕೈಗಳನ್ನು ನೋಡಿಕೊಂಡ. "ಆಗಲ್ಲ," ಎಂದ.

ಅಷ್ಟು ವಸಂತಗಳಲ್ಲಿ ಅವನು ಆ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಸುನ್ನೆವಾ ಏನೋ ಹೇಳಲು ಹೊರಟಳು, ನಾನು ಬಿಡಲಿಲ್ಲ.

"ನಾಳೆ ಸ್ಕೂಟರ್ ನಾನು ಓಡಿಸ್ತೀನಿ. ನೀನು ಹಿಂದೆ ಕೂತ್ಕೋ. ನಾನು ಕಾಣ್ದಿದ್ರೂ ಹಗ್ಗ ಎಳೀತಿದ್ರೆ ನಾನು ಇದೀನಿ ಅಂತ ಗೊತ್ತಾಗತ್ತಲ್ಲ? ಹಿಂದಿರೋರಿಗೆ ಏನ್ ಹೆದ್ರಿಕೆ!"

ಮರುದಿನವೂ ಅದೇ ಮಂಜು. ನಾನು ಧಿಮಾಕಿನಿಂದಲೇ ಹೊರಟೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಹಗ್ಗ ಒಂದಿಷ್ಟು ದೂರ ಕಾಣುತ್ತಿತ್ತು, ಆಮೇಲೆ ಇರಲಿಲ್ಲ. ಅದರಾಚೆ ಬರೀ ಬಿಳಿ. ಅದರ ತುದಿಯಲ್ಲಿ ಅವನಿದ್ದಾನೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು? ಸ್ಕೂಟರ್ ನಿಲ್ಲಿಸಿ, ಹಗ್ಗ ಹಿಡಿದುಕೊಂಡೇ ಹಿಂದಕ್ಕೆ ನಡೆದೆ. ಅವನು ಪರದೆಯ ಮೇಲೆ ಬಗ್ಗಿ ಕೂತಿದ್ದ, ಮೀಸೆಯಲ್ಲಿ ಹಿಮ ಕಟ್ಟಿತ್ತು.

"ಏನಾಯ್ತು?" ಎಂದ.

"ಏನಿಲ್ಲ. ಪೆಟ್ಟಿಗೆ ಸರಿ ಇದ್ಯಾ ಅಂತ ನೋಡೋಕೆ ಬಂದೆ."

ಅವನು ನನ್ನ ಮುಖ ನೋಡಿ, ಮತ್ತೆ ಪರದೆಯ ಮೇಲೆ ಬಗ್ಗಿದ. ಆಮೇಲೂ ಅದೇ ಕಥೆ. ಸ್ವಲ್ಪ ಹೋಗುವುದು, ನಿಲ್ಲಿಸುವುದು, ನಡೆದು ಬರುವುದು. ಒಂದು ಸಲ ಬಿಸಿ ಕಾಫಿಯ ನೆಪ ಮಾಡಿದೆ, ಇನ್ನೊಂದು ಸಲ ನೆಪವೇ ಹೊಳೆಯಲಿಲ್ಲ.

ಸಂಜೆ ಸುನ್ನೆವಾ ನಮ್ಮ ಹೊಸ ಗೆರೆಯನ್ನು ತನ್ನ ಗೆರೆಗಳ ಮೇಲೆ ಇಟ್ಟು ನೋಡಿದಳು. ಕೂಡುವ ಕಡೆಯೆಲ್ಲ ಕೂಡಿದವು. ಎಲ್ಲೂ ಒಂದು ಮೀಟರ್ ವ್ಯತ್ಯಾಸವೂ ಇಲ್ಲ. ಆದರೆ ಅವಳ ಬೆರಳು ಪರದೆಯ ಮೇಲೆ ಅಲ್ಲಲ್ಲಿ ನಿಂತಿತು. ತಳದ ಬಂಡೆಯ ಏರಿಳಿತದ ನಡುನಡುವೆ ಇಸ್ತ್ರಿ ಹಾಕಿದಂತೆ ಚಪ್ಪಟೆ ತುಂಡುಗಳಿದ್ದವು. ಬಂಡಿ ನಿಂತರೂ ಪೆಟ್ಟಿಗೆ ಅದೇ ಆಳವನ್ನು ಬರೆಯುತ್ತಲೇ ಇರುತ್ತದೆ.

"ಇಲ್ಲಿ ನಿಂತಿದೀರಿ, ಇಲ್ಲೂ ನಿಂತಿದೀರಿ... ಅಯ್ಯೋ, ಎಷ್ಟು ಸಲ! ಹಿಂದೆ ಕೂತ್ರೂ ಹೆದ್ರಿದ್ಯಾ ಮಾವ?"

"ಹೂಂ," ಎಂದ ಬ್ರಾಂಡುರ್, ನನ್ನ ಕಡೆ ನೋಡದೆ.

"ಸುಳ್ಳು ಬೊಗಳ್ಬೇಡ!" ಎಂದೆ. "ನಿಲ್ಸಿದ್ದು ನಾನು ಕಣೆ. ಅವನು ಕಾಣ್ತಿರ್ಲಿಲ್ಲ."

ಸುನ್ನೆವಾ ಚಪ್ಪಟೆ ತುಂಡುಗಳನ್ನು ಒಂದೊಂದಾಗಿ ಅಳಿಸತೊಡಗಿದಳು. ಗೆರೆ ಕೂಡಿಕೊಳ್ಳುತ್ತಾ ಹೋಯಿತು.

"ನಿಂತಿದ್ದನ್ನ ಅಳಿಸ್ಬಹುದು ಅತ್ತೆ, ಅದ್ರಿಂದ ಅಳತೆ ಕೆಡಲ್ಲ," ಎಂದಳು. "ಮುಂದಿನ ವರ್ಷಾನೂ ಎಲ್ಲಿ ಬೇಕೋ ಅಲ್ಲಿ ನಿಲ್ಸಿ. ಹಗ್ಗ ಮಾತ್ರ ಮುಟ್ಬೇಡಿ, ನಿಮ್ ದಮ್ಮಯ್ಯ."

ಬ್ರಾಂಡುರ್ ಮೇಜಿನ ಕೆಳಗೆ ನನ್ನ ಕೈ ಹುಡುಕಿ ಹಿಡಿದುಕೊಂಡ. "ಮುಂದಿನ ವರ್ಷ ಮುಂದೆ ಯಾರು ಕೂರೋದು?" ಎಂದು ಕೇಳಿದ.

"ಒಂದಿನ ನೀನು, ಒಂದಿನ ನಾನು," ಎಂದೆ. "ಹೆದ್ರಿಕೆ ಪೂರ್ತಿ ನಿಂಗೊಬ್ಬಂಗೇ ಯಾಕೆ?"