ಪಕ್ಕದ ತರಗತಿಯ ಚಪ್ಪಾಳೆ

ಕುಸುಮ ಶವಪೆಟ್ಟಿಗೆಯ ಬಳಿ ಹೂಗುಚ್ಛ ಇಡಲು ಬಗ್ಗಿದಾಗ ಹಿಂದಿನಿಂದ ಯಾರೋ ತಳ್ಳಿದರು. ತಿರುಗಿ ನೋಡಿದರೆ ಗಡ್ಡ ಬಿಟ್ಟ ಯುವಕ, ಕಣ್ಣು ಕೆಂಪಾಗಿತ್ತು.

"ಸಾರಿ ಆಂಟಿ," ಎಂದು ಅವಳನ್ನು ದಾಟಿ ಹೋದ.

ಅವಳಿಗೆ ಅವನ ಗುರುತು ಸಿಕ್ಕಿತು. ಅಕ್ಷಯ್. ಹನ್ನೆರಡು ವರ್ಷದ ಹಿಂದೆ ಹತ್ತನೇ 'ಎ'ಯಲ್ಲಿದ್ದ, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಇವ್ಲಿನ್‌ಳ ವಿದ್ಯಾರ್ಥಿ. ಪಕ್ಕದ 'ಬಿ' ವಿಭಾಗಕ್ಕೆ ಅದೇ ಇತಿಹಾಸ ಕಲಿಸುತ್ತಿದ್ದ ಕುಸುಮಳನ್ನು ಅವನು ದಿನವೂ ವರಾಂಡದಲ್ಲಿ ನೋಡುತ್ತಿದ್ದ. ಈಗ ಅವಳು ಬರೀ ಆಂಟಿ.

ಮಸ್ಕತ್ತಿನ ಬೌಷರ್ ಕಡೆಯ ಆ ಚರ್ಚಿನಲ್ಲಿ ಬೆಂಚುಗಳು ತುಂಬಿ, ಗೋಡೆಯುದ್ದಕ್ಕೂ ಜನ ನಿಂತಿದ್ದರು. ಮೂರು ದಿನದ ಹಿಂದೆ ಇವ್ಲಿನ್ ಆರನೇ ತರಗತಿಯಲ್ಲಿ ಪಾಠ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಳಿತವಳು ಮತ್ತೆ ಏಳಲಿಲ್ಲ. ಐವತ್ತೇಳು ವಯಸ್ಸು. ಇಪ್ಪತ್ತಾರು ವರ್ಷ ಮಸ್ಕತ್ತಿನಲ್ಲೇ ಕಳೆದದ್ದು, ಮಣ್ಣೂ ಇಲ್ಲೇ ಆಗಲಿ ಎಂದು ಗಂಡ ವಿಕ್ಟರ್ ಹೇಳಿದ್ದರು.

ವಿಜ್ಞಾನದ ನುಸ್ರತ್ ಟೀಚರ್ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. "ಎಷ್ಟು ಮಕ್ಕಳು ಮಾರಾಯ್ತಿ! ಇಬ್ರಿಯಿಂದ, ದುಬೈಯಿಂದ ಎಲ್ಲ ಬಂದಿದ್ದಾರೆ. ನಾವು ಸತ್ರೆ ಇಷ್ಟು ಜನ ಬರ್ಲಿಕ್ಕುಂಟಾ?"

ಕುಸುಮ ಬಂದಿದ್ದ ಹಳೆಯ ವಿದ್ಯಾರ್ಥಿಗಳನ್ನು ಎಣಿಸುತ್ತಿದ್ದಳು. ನಲವತ್ತರವರೆಗೆ ಎಣಿಸಿ ಬಿಟ್ಟಳು. ಅವರಲ್ಲಿ ಐದಾರು ಮಂದಿ ಅವಳದೇ 'ಬಿ' ವಿಭಾಗದವರಾಗಿದ್ದರು.

*

ಇವ್ಲಿನ್‌ಳ ಆ ಪಾಠ ವರ್ಷಕ್ಕೊಮ್ಮೆ ಬರುತ್ತಿತ್ತು. ಎರಡನೇ ಮಹಾಯುದ್ಧಕ್ಕೆ ಮುಂಚಿನ ಜಪಾನ್. ಪುಸ್ತಕದಲ್ಲಿ ಅರ್ಧ ಪುಟ: ಸೈನ್ಯದ ಹಿಡಿತ, ರಾಷ್ಟ್ರಾಭಿಮಾನ, ಮಂಚೂರಿಯದ ಆಕ್ರಮಣ. ಕುಸುಮ ಮೂರು ಅಂಶ ಬರೆಸಿ, ಅಡಿಗೆರೆ ಎಳೆಸಿ, ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದಳು.

ಗೋಡೆಯಾಚೆ ಇವ್ಲಿನ್ ಮಕ್ಕಳನ್ನೇ ಜಪಾನಿನ ಜನರನ್ನಾಗಿ ಮಾಡುತ್ತಿದ್ದಳು. ತಾನು ಪತ್ರಿಕೆಯವಳಾಗಿ ಸುದ್ದಿ ಓದುತ್ತಿದ್ದಳು. "ನಮ್ಮ ರೈಲು ಹಳಿಗೆ ಚೀನೀಯರು ಬಾಂಬು ಇಟ್ಟಿದ್ದಾರೆ! ನಮ್ಮ ಸೈನ್ಯ ಮುಕ್ದೆನ್ ನಗರವನ್ನು ಹಿಡಿದಿದೆ!" ತರಗತಿ ಚಪ್ಪಾಳೆ ತಟ್ಟಬೇಕು. "ಮಂಚೂರಿಯ ಇಡೀ ನಮ್ಮದು!" ಇನ್ನಷ್ಟು ಜೋರು. "ಯುದ್ಧ ಸಾಕು ಅಂದ ಸರ್ಕಾರ ಬಿತ್ತು!" ಚಪ್ಪಾಳೆ. "ಪ್ರಧಾನಿಯನ್ನು ನೌಕಾಪಡೆಯ ಅಧಿಕಾರಿಗಳೇ ಗುಂಡಿಟ್ಟು ಕೊಂದರು!" ಇಲ್ಲಿ ಸದ್ದು ಸ್ವಲ್ಪ ಕುಗ್ಗುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಹೀಗೆ ಚೀನಾದೊಳಗೆ, ನಾನ್‌ಜಿಂಗ್‌ವರೆಗೆ.

ಆಮೇಲೆ ಅವಳು ಕಾಗದ ಮಡಚಿ ಮೆಲ್ಲಗೆ ಹೇಳುತ್ತಿದ್ದಳು: ಆ ಬಾಂಬು ಇಟ್ಟದ್ದು ಚೀನೀಯರಲ್ಲ, ಅಲ್ಲಿದ್ದ ಜಪಾನಿನ ಸೇನಾಧಿಕಾರಿಗಳೇ. ಹಳಿಗೆ ಆದ ಪೆಟ್ಟು ಎಷ್ಟು ಸಣ್ಣದೆಂದರೆ, ಸ್ವಲ್ಪ ಹೊತ್ತಿಗೇ ಅದರ ಮೇಲೆ ರೈಲು ಸುಸೂತ್ರವಾಗಿ ದಾಟಿಹೋಯಿತು. ಕೊನೆಗೆ ಒಂದೇ ಪ್ರಶ್ನೆ. "ಚಪ್ಪಾಳೆ ನಿಲ್ಲಿಸಿದವರು ಯಾರು? ಯಾವಾಗ ನಿಲ್ಲಿಸಿದಿರಿ?"

ಆ ಮೌನವೂ ಗೋಡೆ ದಾಟಿ ಬರುತ್ತಿತ್ತು. 'ಬಿ' ವಿಭಾಗದ ಮಕ್ಕಳು ಪೆನ್ನು ಹಿಡಿದು ಗೋಡೆಯನ್ನೇ ನೋಡುತ್ತಿದ್ದರು. ಕುಸುಮಳಿಗೆ ಆ ಪಾಠ ಬಾಯಿಪಾಠವಾಗಿತ್ತು. ತನಗೆ ಅದು ಹೊಳೆಯಲಿಲ್ಲವಲ್ಲ ಎಂಬ ಸಂಕಟ ವರ್ಷವರ್ಷವೂ ಹೊಸದಾಗುತ್ತಿತ್ತು.

ಆರು ವರ್ಷದ ಹಿಂದೆ ಒಬ್ಬ ಪೋಷಕರು ದೂರು ಕೊಟ್ಟರು. ಈ ಟೀಚರ್ ಮಕ್ಕಳಿಗೆ ನಮ್ಮ ಸೈನಿಕರಿಗೆ ಚಪ್ಪಾಳೆ ತಟ್ಟಬಾರದು ಎಂದು ಕಲಿಸುತ್ತಾರೆ, ಭಾರತದ ಬಗ್ಗೆ ಗೌರವವಿಲ್ಲ ಎಂದು. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅದು ಹಬ್ಬಿತು. ಪ್ರಿನ್ಸಿಪಾಲರು ಕುಸುಮಳನ್ನು ಕರೆಸಿದರು.

"ನೀವು ಪಕ್ಕದ ಕ್ಲಾಸಲ್ಲೇ ಇರ್ತೀರಿ. ಆ ಪಾಠ ಯಾವ ದೇಶದ್ದು? ನೀವು ಹೇಳಿದ್ರೆ ನಾನು ಇಲ್ಲಿಗೇ ಖಲಾಸ್ ಮಾಡ್ತೇನೆ."

ಜಪಾನ್ ಎಂಬ ಒಂದು ಮಾತು ಸಾಕಿತ್ತು.

"ನಂಗೆ ಗೊತ್ತಿಲ್ಲ ಸರ್," ಎಂದಳು ಕುಸುಮ. "ಚಪ್ಪಾಳೆ ಮಾತ್ರ ಕೇಳ್ತದೆ."

ಹೊರಗೆ ಇವ್ಲಿನ್ ಕಾಯುತ್ತಿದ್ದಳು. "ಎಂತ ಕೇಳಿದ್ರು?"

"ಎಂತ ಇಲ್ಲ. ನಾನು ಹೇಳಿದ್ದೇನೆ. ನೀನು ಹೆದರ್ಬೇಡ."

ಇವ್ಲಿನ್ ಅವಳ ಎರಡೂ ಕೈ ಹಿಡಿದುಕೊಂಡಳು. ಮುಂದಿನ ವಾರ ಇವ್ಲಿನ್‌ಗೆ ಆರನೇ ತರಗತಿ, ಕುಸುಮಳಿಗೆ ಹತ್ತನೆಯ ಎರಡೂ ವಿಭಾಗ ಎಂದು ಸುತ್ತೋಲೆ ಬಂತು. ಮರುವರ್ಷ ಕುಸುಮ ಆ ಪಾಠವನ್ನು ಇವ್ಲಿನ್ ಮಾಡುತ್ತಿದ್ದ ರೀತಿಯಲ್ಲೇ ಮಾಡಿದಳು. ದೂರು ಬರಬಾರದೆಂದು ಕೊನೆಯ ಪ್ರಶ್ನೆಯನ್ನಷ್ಟೇ ಬಿಟ್ಟಳು. ಮಕ್ಕಳು ಚಪ್ಪಾಳೆ ತಟ್ಟಿದರು. "ಮ್ಯಾಮ್, ಇದು ಎಕ್ಸಾಮಿಗೆ ಬರ್ತದಾ?" ಎಂದು ಒಬ್ಬಳು ಕೇಳಿದಳು. ಕೆಳಗಿನ ಅಂತಸ್ತಿನ ಆರನೇ ತರಗತಿಯಿಂದ ನಗು ಕೇಳಿಬರುತ್ತಿತ್ತು.

*

ಸ್ಮಶಾನದ ಗೇಟಿನ ಬಳಿ ವಿಕ್ಟರ್ ಅವಳನ್ನು ಹುಡುಕಿಕೊಂಡು ಬಂದರು. ಕಪ್ಪು ಕೋಟಿನ ಕಂಕುಳು ಬೆವರಿಗೆ ಒದ್ದೆಯಾಗಿತ್ತು.

"ಟೀಚರ್, ಫಾದರ್ ಪ್ರಾರ್ಥನೆ ಮುಗಿಸಿದ ಮೇಲೆ ನೀವು ಎರಡು ಮಾತು ಹೇಳ್ಬೇಕು."

"ನಾನಾ? ಬೇರೆ ಯಾರಾದ್ರೂ..."

"ನೀವೇ ಆಗ್ಬೇಕು. ಆ ಗಲಾಟೆ ಟೈಮಲ್ಲಿ ನನ್ನ ಪರ ನಿಂತದ್ದು ಕುಸುಮ ಒಬ್ಳೇ ಅಂತ ಅವ್ಳು ಯಾವಾಗ್ಲೂ ಹೇಳ್ತಿದ್ಳು. ಹೋದ ಕ್ರಿಸ್ಮಸ್ಸಿಗೂ ಹೇಳಿದ್ಳು. ಹತ್ತನೇ ಕ್ಲಾಸ್ ಹೋದ್ರೂ ಹೋಗ್ಲಿ, ಕುಸುಮನ ಕೈಗೆ ಹೋಯ್ತಲ್ಲ ಅಂತ."

ಸತ್ತ ಮೇಲೂ ಇವಳೇ ದೊಡ್ಡವಳು ಎಂದು ಕುಸುಮಳಿಗೆ ಮೊದಲು ಅನಿಸಿತು. ಆ ಅನಿಸಿಕೆಗೆ ಅವಳೇ ಬೆಚ್ಚಿದಳು.

"ವಿಕ್ಟರಣ್ಣ, ನಾನು ನಿಲ್ಲಲಿಲ್ಲ."

"ಆಂ?"

"ನಾನು ಅವಳ ಪರ ಮಾತಾಡ್ಲೇ ಇಲ್ಲ. ಅದು ಜಪಾನಿನ ಪಾಠ ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಗೊತ್ತಿಲ್ಲ ಅಂದೆ. ಅವಳ ಹತ್ರ ಸುಳ್ಳು ಹೇಳಿದೆ."

"ಯಾಕೆ?" ಎಂದರು ವಿಕ್ಟರ್.

"ಹೊಟ್ಟೆಕಿಚ್ಚು," ಎಂದಳು. ಬೇರೆ ಪದ ಸಿಗಲಿಲ್ಲ.

"ಇದನ್ನ ಇವತ್ತೇ ಹೇಳ್ಬೇಕಿತ್ತಾ ನಿಮ್ಗೆ?" ಅವರ ದನಿ ಏರಲಿಲ್ಲ. "ಆರು ವರ್ಷ ಇತ್ತಲ್ಲ. ಅವ್ಳು ಇದ್ಳಲ್ಲ." ಕರವಸ್ತ್ರದಿಂದ ಮುಖ ಒರೆಸಿಕೊಂಡರು. "ನೀವು ಮಾತಾಡೋದು ಬೇಡ. ಆ ಹುಡುಗನಿಗೆ ಹೇಳ್ತೇನೆ."

ಅಕ್ಷಯ್ ಗುಂಡಿಯ ಬದಿಯಲ್ಲಿ ನಿಂತು ಮಾತಾಡಿದ. "ಟೀಚರ ಆ ಕ್ಲಾಸಲ್ಲಿ ಚಪ್ಪಾಳೆ ನಿಲ್ಲಿಸಿದವರಲ್ಲಿ ನಾನಿರ್ಲಿಲ್ಲ. ಕೊನೇವರೆಗೂ ತಟ್ಟಿದೆ. ಯಾಕೆ ನಿಲ್ಲಿಸಲಿಲ್ಲ ಅಂತ ಕೇಳಿದ್ರು. ಪಕ್ಕದವನು ನಿಲ್ಲಿಸಿರ್ಲಿಲ್ಲ ಮ್ಯಾಮ್ ಅಂದೆ. ಬೈಯಲಿಲ್ಲ ಅವ್ರು. ನನ್ನ ಮಾತನ್ನೇ ಬೋರ್ಡಿನ ಮೇಲೆ ಬರೆದು, ಯುದ್ಧಕ್ಕೆ ಇದೂ ಒಂದು ಕಾರಣ, ಬರ್ಕೊಳ್ಳಿ ಅಂದ್ರು." ಅಷ್ಟು ಹೇಳಿ ಹಿಂದಕ್ಕೆ ಸರಿದ.

ಅಲ್ಲಿ ನಿಂತು ಮಾತಾಡಬೇಕಾಗಿದ್ದವಳು ತಾನು ಎಂದು ಕುಸುಮಳಿಗೆ ಆಗಲೂ ಚುಚ್ಚಿತು.

ಜನ ಸಾಲಾಗಿ ಮಣ್ಣು ಹಾಕತೊಡಗಿದರು. ಅಲ್ಲಿನ ಮಣ್ಣು ಒರಟು, ತುಂಬ ಜಲ್ಲಿಕಲ್ಲು. ಪ್ರತಿ ಹಿಡಿಯೂ ಮರದ ಮುಚ್ಚಳದ ಮೇಲೆ ಠಕ ಠಕ ಎಂದು ಬೀಳುತ್ತಿತ್ತು. ಪ್ರತಿ ಸದ್ದಿಗೂ ವಿಕ್ಟರ್ ಕಣ್ಣು ಮುಚ್ಚುತ್ತಿದ್ದರು.

ಕುಸುಮಳ ಸರದಿ ಬಂತು. ಅವಳು ಬಗ್ಗಿ ಒಂದು ಹಿಡಿ ತೆಗೆದುಕೊಂಡಳು, ಆದರೆ ಹಾಕಲಿಲ್ಲ. ಅಂಗೈ ಬಿಚ್ಚಿ ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು. ಮತ್ತೊಂದು. ಇನ್ನೊಂದು, ಕಡಲೆಯಷ್ಟು ಸಣ್ಣದು.

"ಯಲ್ಲಾ, ಬೇಗ ಮಾರಾಯ್ತಿ, ಹಿಂದೆ ಜನ ಇದ್ದಾರೆ," ಎಂದಳು ನುಸ್ರತ್.

ಸಾಲು ಬಿಸಿಲಿನಲ್ಲಿ ಗೇಟಿನವರೆಗೂ ನಿಂತೇ ಇತ್ತು. ಕುಸುಮ ಮಂಡಿಯೂರಿ ಕುಳಿತು, ಎಡಗೈಯಲ್ಲಿ ಸದ್ದು ಮಾಡದ ಹುಡಿಮಣ್ಣಷ್ಟೇ ಉಳಿಯುವವರೆಗೆ ಕಲ್ಲು ಆರಿಸುತ್ತಲೇ ಇದ್ದಳು.