ಹದ ಅಂದ್ರೆ ಹದ

ಅಮ್ಮನ ಶವಪೆಟ್ಟಿಗೆಯ ಮೇಲೆ ಹಾಳೆ ಎಳೆದು ಹೊದಿಸುತ್ತಿದ್ದಾಗಲೇ ಪ್ರಯೋಗಾಲಯದ ನಿರ್ದೇಶಕರ ಕಾರು ಬಂದು ನಿಂತಿತು. ಮಗಳು ಕೈ ನಿಲ್ಲಿಸಲಿಲ್ಲ. ಕಡಲಪಾಚಿಯ ರಸದಿಂದ ಅಮ್ಮ ಕೊನೆಯದಾಗಿ ಎರೆದಿದ್ದ ಹಾಳೆ ಅದು. ನೋಡಲು ಪ್ಲಾಸ್ಟಿಕ್ಕು, ಮಣ್ಣಿಗೆ ಬಿದ್ದರೆ ಮಣ್ಣು.

"ಬಂದ ನೋಡು, ಉಂಡ ಮನೆಯ ಗಳ ಹಿರಿಯೋನು," ಎಂದರು ಸೋದರಮಾವ, ಕೇಳಿಸಲೆಂದೇ. "ಬಾಗಿಲಲ್ಲೇ ತಡೀಲಾ?"

"ಬೇಡ ಮಾವ, ಬರ್ಲಿ. ನಾನೂ ಕಾಯ್ತಾನೇ ಇದ್ದೆ."

*

ಹತ್ತೊಂಬತ್ತು ವರ್ಷ ಅಮ್ಮ ಆ ನಿರ್ದೇಶಕರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದಳು. ಪಾಚಿ ಬೇಯಿಸುವುದನ್ನು ನೋಡಿಯೇ ಕಲಿತಳು. ಅಲ್ಲಿನ ವಿಜ್ಞಾನಿಗಳ ಹಾಳೆ ನೀರು ತಾಕಿದರೆ ಕರಗುತ್ತಿತ್ತು, ಇವಳದು ಕರಗುತ್ತಿರಲಿಲ್ಲ. ನಿರ್ದೇಶಕರು ಅವಳ ಟಿಪ್ಪಣಿ ಪುಸ್ತಕ ಎತ್ತಿಕೊಂಡು ಹೋಗಿ ತಮ್ಮ ಹೆಸರಲ್ಲಿ ಪೇಟೆಂಟ್ ಮಾಡಿಸಿದರು. ಪ್ರಶಸ್ತಿ ಸಭೆಯಲ್ಲಿ "ನಮ್ಮ ಪಾಚಿಯಮ್ಮ" ಎಂದು ಅವಳತ್ತ ಬೆರಳು ತೋರಿಸಿ ಎಲ್ಲರನ್ನೂ ನಗಿಸಿದರು. ಆ ನಗುವನ್ನು ಅಮ್ಮ ಸಾಯುವವರೆಗೂ ಕ್ಷಮಿಸಲಿಲ್ಲ.

ಹಾಳೆ ನೀರಿಗೆ ಕರಗದಂತೆ ಮಾಡುವ ಗುಟ್ಟಿದ್ದ ಪುಸ್ತಕದ ಕೊನೆಯ ಸಾಲು ಮಾತ್ರ ಅವರಿಗೆ ಬಗೆಹರಿಯಲಿಲ್ಲ: 'ಸುಣ್ಣದುಪ್ಪಿನ ನೀರಲ್ಲಿ ಅದ್ದಿ, ಹದ ಬಂದಾಗ ತೆಗೆ.'

"ಹದ ಅಂದ್ರೆ ಎಷ್ಟು ನಿಮಿಷ?"

"ಹದ ಅಂದ್ರೆ ಹದ, ಸಾರ್."

"ಅಂಕಿ ಹೇಳಮ್ಮ!"

"ಹಾಗಾದ್ರೆ ಅರ್ಧ ನಿಮಿಷ ಅಂತ ಬರ್ಕೊಳ್ಳಿ."

ಆ ಸಂಜೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳ ಹೆಬ್ಬೆರಳನ್ನು ಒದ್ದೆ ಹಾಳೆಯ ಮೇಲೆ ಉಜ್ಜಿಸಿದಳು, ಅದು 'ಕಿಚ್' ಎನ್ನುವವರೆಗೆ. "ಇದು ಹದ. ಗಡಿಯಾರಕ್ಕೆಲ್ಲಿ ಗೊತ್ತಾಗತ್ತೆ? ಆ ಮನುಷ್ಯನಿಗೆ ಮಾತ್ರ ಹೇಳ್ಬೇಡ, ನಾನು ಸತ್ರೂ."

*

ನಿರ್ದೇಶಕರ ಹೂಗುಚ್ಛಕ್ಕೆ ಸುತ್ತಿದ್ದು ಅವರ ಕಾರ್ಖಾನೆಯದೇ ಹಾಳೆ, ಮೇಲೆ ಅವರದೇ ಹೆಸರಿನ ಅಚ್ಚು. ಮಗಳನ್ನು ಪಕ್ಕಕ್ಕೆ ಕರೆದರು.

"ಈ ಹೊತ್ತಲ್ಲಿ ಕೇಳಬಾರ್ದು. ಆದ್ರೆ ಮುಂದಿನ ವಾರ ಮಾರುಕಟ್ಟೆಗೆ ಬಿಡ್ತಿದೀವಿ, ಹಾಳೆ ಒಂದೊಂದ್ಸಲ ಕೈಕೊಡತ್ತೆ. ಆ ಹದದ ವಿಷ್ಯ ಅಮ್ಮ ನಿಮಗೇನಾದ್ರೂ ಹೇಳಿದ್ರಾ? ಪೇಟೆಂಟಲ್ಲಿ ಅವರ ಹೆಸರೂ ಸೇರಿಸೋಣ."

ಮಗಳಿಗೆ ಒಂದು ಕ್ಷಣ ಆಸೆಯಾಯಿತು. ಆ ಹೆಸರಿಗಾಗಿಯೇ ಅಮ್ಮ ಕೊರಗಿದ್ದಳು.

"ಏನಂತ ಬರೀತೀರಿ, ಸಾರ್?"

ನಿರ್ದೇಶಕರು ಬಾಯಿ ತೆರೆದರು. "ಪಾಚಿ..." ಎಂದು ತಡವರಿಸಿದರು. ಅಮ್ಮನ ನಿಜವಾದ ಹೆಸರು ಅವರಿಗೆ ಗೊತ್ತೇ ಇರಲಿಲ್ಲ.

ಮಗಳ ಮೈಯೆಲ್ಲ ಉರಿಯಿತು, ಎಲ್ಲೋ ಒಂದು ಕಡೆ ಹಿತವೂ ಆಯಿತು. ನೀರಿನ ಜಗ್ ಎತ್ತಿಕೊಂಡಳು. "ಹೂ ಬಾಡ್ತಿದೆ, ಸರಿಯಾಗಿ ಹಿಡ್ಕೊಳ್ಳಿ," ಎಂದು ಗುಚ್ಛದ ಮೇಲೆ ಸುರಿದಳು. ಉಳಿದದ್ದನ್ನು ಪೆಟ್ಟಿಗೆಯ ಮೇಲೆ ಚೆಲ್ಲಿದಳು.

"ಹದ ಅಂದ್ರೆ ಹದ, ಸಾರ್."

ಪೆಟ್ಟಿಗೆಯ ಹಾಳೆಯ ಮೇಲಿಂದ ನೀರು ಹನಿಹನಿಯಾಗಿ ಉರುಳಿ ಹೋಯಿತು. ನಿರ್ದೇಶಕರ ಕೈಯಲ್ಲಿದ್ದ ಹಾಳೆ ನೋಡನೋಡುತ್ತಲೇ ಲೋಳೆಯಾಗಿ, ಹೂಗಳು ಒಂದೊಂದೇ ಅವರ ಬೂಟಿನ ಮೇಲೆ ಬಿದ್ದವು. ಅಚ್ಚಾಗಿದ್ದ ಹೆಸರು ಅವರ ಅಂಗೈಗೆ ಅಂಟಿಕೊಂಡಿತ್ತು, ಹಿಂದುಮುಂದಾಗಿ.